ಲೆಕ್ಕಕ್ಕೆ ತಕ್ಕ ಯಂತ್ರ

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಸರ್ನ್ ಪ್ರಯೋಗಶಾಲೆಯಲ್ಲಿ ಸಿ.ಎಂ.ಎಸ್. ಎಂಬ ಶೋಧಕವುಂಟು. ಸೀಸದ ಟಂಗ್‌ಸ್ಟೇಟಿನ 75,848 ಸ್ಫಟಿಕಗಳನ್ನು ಜೋಡಿಸಿ ಅದರ ಒಂದು ಶಕ್ತಿಮಾಪಕವನ್ನು ನಿರ್ಮಿಸಲಾಯಿತು. ವೇಗಶಾಲಿಯಾದ ಎಲೆಕ್ಟ್ರಾನೊಂದು ಇಂತಹ ಸ್ಫಟಿಕವನ್ನು ಹೊಕ್ಕಿತೆನ್ನೋಣ. ಅದು ಬೆಳಕಿನ ಕಣವಾದ ಫೋಟಾನನ್ನು ಹೊರಸೂಸುತ್ತದೆ. ಫೋಟಾನು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳ ಜೋಡಿಯಾಗಿ ಮಾರ್ಪಡುತ್ತದೆ. ಅವು ಮತ್ತೆ ಫೋಟಾನುಗಳನ್ನು ಸೂಸುತ್ತವೆ. ಹೀಗೆ ಒಂದು ಕಣವು ಸಾವಿರಾರು ಕಣಗಳ ಮಳೆಯಾಗುತ್ತದೆ.

ಈ ಕಣಮಳೆಯನ್ನು ನಾವು ಗಣಕಯಂತ್ರದಲ್ಲಿ ಅನುಕರಿಸಿ ನೋಡುವುದು ಅವಶ್ಯಕ. ಇಲ್ಲದಿದ್ದರೆ, ಮಾಪಕದಲ್ಲಿ ಕಂಡ ವಿಚಿತ್ರ ಸಂಗತಿಯು ಪ್ರಕೃತಿಯ ಹೊಸ ಗುಟ್ಟೋ ಉಪಕರಣದ ಸ್ವಭಾವವೋ ಎಂದು ಹೇಳಲಾಗದು. ಕಣಕ್ಕೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಏನಾಗುವುದೆಂಬುದನ್ನು ಸಂಭವನೀಯತೆಯ ನಿಯಮಗಳಿಗನುಸಾರವಾಗಿ, ದಾಳ ಹಾಕಿದಂತೆ, ಆರಿಸಬೇಕು. 1940ರ ದಶಕದಲ್ಲಿ ಉಲಾಮ್ ಮತ್ತು ಫಾನ್ ನಾಯ್ಮನ್ ಎಂಬ ಗಣಿತಜ್ಞರು ರೂಪಿಸಿದ ಮಾಂಟೆ ಕಾರ್ಲೊ ವಿಧಾನವೆಂದರೆ ಇದೇ. ಕೋಟ್ಯಂತರ ಘಟನೆಗಳಿಗೆ ಹೀಗೆ ದಾಳ ಹಾಕುವಾಗ ಅಪಾರ ಕಾಲ ವ್ಯಯವಾಗುತ್ತದೆ.

ಸಾಮಾನ್ಯ ಗಣಕದ ವಿದ್ಯುನ್ಮಂಡಲ ಸ್ಥಿರವಾದುದು. ಲೆಕ್ಕವೇ ಅದಕ್ಕೆ ಹೊಂದಿಕೊಳ್ಳಬೇಕು. ಲೆಕ್ಕಕ್ಕೆ ತಕ್ಕಂತೆ ಮಂಡಲವನ್ನೇ ಬದಲಿಸಬಾರದೇಕೆ ಎಂದು ವಾಚಕರು ಕೇಳಬಹುದು. 1985ರಲ್ಲಿ ಝೈಲಿಂಕ್ಸ್ ಸಂಸ್ಥೆಯು ಹೊರತಂದ ಎಫ್.ಪಿ.ಜಿ.ಎ. ಎಂಬ ಬಗೆಯ ಚಿಪ್ಪು ಇದನ್ನು ಸಾಧ್ಯವಾಗಿಸಿತು. ಅದರೊಳಗಿನ ಸಣ್ಣ ತರ್ಕಘಟಕಗಳನ್ನೂ ಅವುಗಳ ನಡುವಣ ಸಂಪರ್ಕಗಳನ್ನೂ ನಾವು ಮತ್ತೆ ಮತ್ತೆ ಬೇಕಾದಂತೆ ಹೊಂದಿಸಬಹುದು. ಬಾವಿಗೂ ಮನೆಗೂ ಒಬ್ಬನೇ ಕೊಡ ಹೊತ್ತು ಓಡಾಡುವ ಬದಲು, ಹತ್ತು ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದುಂಟಷ್ಟೆ. ಹಾಗೆಯೇ ಲೆಕ್ಕದ ಒಂದೊಂದು ಹಂತಕ್ಕೂ ಒಂದೊಂದು ಘಟಕವನ್ನು ನಿಲ್ಲಿಸಿದರೆ, ಸಾಲು ತುಂಬಿದ ಮೇಲೆ, ಯಂತ್ರದ ಗಡಿಯಾರದ ಪ್ರತಿ ಮಿಡಿತಕ್ಕೂ ಒಂದು ಉತ್ತರ ಹೊರಬರುತ್ತದೆ. ಇಂತಹ ಅನೇಕ ಸಾಲುಗಳನ್ನು ಒಂದೇ ಚಿಪ್ಪಿನಲ್ಲಿ ಹೂಡಬಹುದು.

2008ರಲ್ಲಿ ಸ್ಪೇನಿನ ಜರಗೋಜದಲ್ಲಿ ಸ್ಥಾಪಿತವಾದ ಜಾನಸ್ ಯಂತ್ರವು ಇದಕ್ಕೆ ನಿದರ್ಶನ. ಇಂತಹ 256 ಚಿಪ್ಪುಗಳಿಂದ ಅದು ಕಣಗಳನ್ನಲ್ಲ, ಸ್ಪಿನ್ ಗಾಜು ಎಂಬ ಕಾಂತದ್ರವ್ಯವನ್ನು ಇದೇ ಮಾಂಟೆ ಕಾರ್ಲೊ ವಿಧಾನದಿಂದ ಅನುಕರಿಸಿತು. ಚಿಪ್ಪಿನ ಮಿಡಿತ ಸೆಕೆಂಡಿಗೆ 6.25 ಕೋಟಿ ಮಾತ್ರ. ಮೇಜಿನ ಮೇಲಿನ ಗಣಕದ್ದು ಅದರ ಹತ್ತಾರು ಪಟ್ಟು. ಆದರೂ ಒಂದೊಂದು ಚಿಪ್ಪು ಪ್ರತಿ ಮಿಡಿತಕ್ಕೆ ಸುಮಾರು 1,000 ಪರಮಾಣುಕಾಂತಗಳ ಲೆಕ್ಕವನ್ನು ಒಮ್ಮೆಗೇ ಮಾಡಿದುದರಿಂದ ಗಣಕವು ಬಹುದೂರ ಹಿಂದುಳಿಯಿತು.

ಕಣಮಳೆಯ ಲೆಕ್ಕ ಇಷ್ಟು ಸರಳವಲ್ಲ. ಪರಮಾಣುಕಾಂತಗಳೆಲ್ಲಕ್ಕೂ ನಿಯಮ ಒಂದೇ. ಕಣಗಳಾದರೋ ಒಂದೊಂದು ಒಂದೊಂದು ದಾರಿ ಹಿಡಿಯುತ್ತವೆ. ಆದುದರಿಂದ ಒಂದೇ ರೀತಿಯಾಗಿ ಪುನರಾವರ್ತಿಸುವ ಭಾಗವನ್ನು ಚಿಪ್ಪಿಗೆ ವಹಿಸಿ, ಉಳಿದುದನ್ನು ಗಣಕಕ್ಕೆ ಬಿಡುವುದು ಲೇಸು. 100 ಗಂಟೆಗಳ ಲೆಕ್ಕದಲ್ಲಿ 80 ಗಂಟೆಗಳ ಭಾಗವನ್ನು ಚಿಪ್ಪು ಕ್ಷಣಾರ್ಧದಲ್ಲಿ ಮುಗಿಸಿತೆಂದೇ ಭಾವಿಸೋಣ. ಉಳಿದ 20 ಗಂಟೆಗಳು ಹಾಗೆಯೇ ಇರುವುದರಿಂದ ಒಟ್ಟು ಲಾಭ 5 ಪಟ್ಟನ್ನು ಮೀರಲಾರದು. ಅಮ್‌ಡಾಲ್ ನಿಯಮವೆಂಬುದು ಇದೇ.

ಇನ್ನೊಂದು ಎಚ್ಚರಿಕೆಯೂ ಬೇಕು. ಚಿಪ್ಪಿನಲ್ಲಿ ಸ್ಥಳ ಉಳಿಸಲೆಂದು ಸಂಖ್ಯೆಗಳ ದಶಮಾಂಶ ಸ್ಥಾನಗಳನ್ನು ಮೊಟಕುಮಾಡಿದರೆ ಮಳೆಯ ಆಕಾರವೇ ಕೆಡಬಹುದು. ಇಲ್ಲದ ಹೊಸ ಕಣವೊಂದನ್ನು ಕಂಡೆವೆಂದು ನಾವು ಭ್ರಮಿಸುವ ಅಪಾಯ ಆಗ ತಪ್ಪಿದ್ದಲ್ಲ. ಆದಕಾರಣ ವೇಗದ ಯಂತ್ರದ ಉತ್ತರವನ್ನು ನಂಬುವ ಮುನ್ನ ನಿಧಾನವಾದ ಗಣಕದ ಉತ್ತರದೊಡನೆ ಹೋಲಿಸಿ ನೋಡಲೇಬೇಕು.