ಎರಡೇ ಹೈಡ್ರೋಜನ್ ಕೀಳುವ ಕಸುಬು

ಅಡುಗೆ ಅನಿಲದ ಸಿಲಿಂಡರಿನಲ್ಲಿ ಬ್ಯುಟೇನಿನ ಜೊತೆಗಿರುವ ಪ್ರೊಪೇನಿಗೂ ಸಿಮೆಂಟು, ರಸಗೊಬ್ಬರ ತುಂಬುವ ಪ್ಲಾಸ್ಟಿಕ್ ಚೀಲಗಳ ಮೂಲವಾದ ಪ್ರೊಪಿಲೀನಿಗೂ ಇರುವ ಅಂತರ ಎರಡೇ ಹೈಡ್ರೋಜನ್ ಪರಮಾಣು. ಆ ಎರಡನ್ನು ಕಿತ್ತರೆ ಉರುವಲು ಕಚ್ಚಾಮಾಲಾಗುತ್ತದೆ. ಪ್ರೊಪೇನ್ ಡಿಹೈಡ್ರೋಜನೇಷನ್ ಎಂಬ ಈ ವಿದ್ಯೆಯನ್ನು ಉದ್ಯಮದವರು ಚಿಕ್ಕದಾಗಿ ಪಿಡಿಎಚ್ ಎನ್ನುತ್ತಾರೆ. ಇದು ನಡೆಯಲು ವೇಗವರ್ಧಕ ಬೇಕು. ವೇಗವರ್ಧಕ ಅಂದರೆ ಕ್ರಿಯೆಯನ್ನು ಬೇಗ ನಡೆಸಿ ತಾನು ಬದಲಾಗದೆ ಉಳಿಯುವ ವಸ್ತು ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಇಲ್ಲಿ ಆ ವ್ಯಾಖ್ಯೆ ಸಾಲದು. ಕ್ರಿಯೆಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಅಷ್ಟು ಕಾವಿನಲ್ಲಿ ಹೈಡ್ರೋಕಾರ್ಬನ್ನುಗಳು ತಾವಾಗಿಯೇ ಒಡೆಯತೊಡಗುತ್ತವೆ. ಎರಡು ಹೈಡ್ರೋಜನ್ ಕಳೆದುಕೊಂಡ ಅಣು ಅಲ್ಲಿಗೇ ನಿಲ್ಲದಿದ್ದರೆ ಕೊನೆಗೆ ಬರೀ ಇಂಗಾಲವಾಗಿ, ಕೋಕ್ ಎಂಬ ಕರಿಯಾಗಿ, ವೇಗವರ್ಧಕದ ಮೈಗೇ ಮೆತ್ತಿಕೊಳ್ಳುತ್ತದೆ. ಕ್ರಿಯೆಯನ್ನು ಓಡಿಸುವುದಕ್ಕಿಂತ ಸರಿಯಾದ ಹೆಜ್ಜೆಗೆ ತಡೆಯುವುದರಲ್ಲಿ, ತಡೆದರೂ ಕೂರುವ ಕರಿಯನ್ನು ಕಳೆಯುವುದರಲ್ಲಿ ಈ ಕಸುಬಿನ ಜಾಣ್ಮೆ ಇದೆ.

ಚಾಲ್ತಿಯಲ್ಲಿರುವ ಎರಡು ಮುಖ್ಯ ವಿಧಾನಗಳೇ ಇದಕ್ಕೆ ಸಾಕ್ಷಿ. ಅಮೆರಿಕದ ಯುಒಪಿ ಕಂಪನಿಯ ಓಲೆಫ್ಲೆಕ್ಸ್ ವಿಧಾನದ ಮೊದಲ ಘಟಕ 1990ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾಯಿತು. ಅದರಲ್ಲಿ ಸಾಸಿವೆ ಗಾತ್ರದ ಅಲ್ಯೂಮಿನಾ ಗುಂಡುಗಳ ಮೇಲೆ ಪ್ಲಾಟಿನಮ್ಮೂ ತವರವೂ ಇರುತ್ತವೆ. ಹೈಡ್ರೋಜನ್ ಕೀಳುವುದು ಪ್ಲಾಟಿನಮ್. ಆದರೆ ಅದರ ಪರಮಾಣುಗಳು ಒತ್ತೊತ್ತಾಗಿದ್ದರೆ ಪ್ರೊಪಿಲೀನನ್ನು ಹಿಡಿದು ಬಿಡದೆ ಚಿಂದಿ ಮಾಡುತ್ತವೆ. ಕೀಳುವ ಶಕ್ತಿಯಿಲ್ಲದ ತವರ ನಡುವೆ ಸೇರಿಕೊಂಡು ಆ ಹಿಡಿತವನ್ನು ಸಡಿಲಿಸುತ್ತದೆ. ಗುಂಡುಗಳು ರಿಯಾಕ್ಟರುಗಳ ಸಾಲಿನಲ್ಲಿ ನಿಧಾನವಾಗಿ ಕೆಳಗಿಳಿದು, ಬೇರೊಂದು ಗೋಪುರದಲ್ಲಿ ಕರಿ ಸುಟ್ಟುಕೊಂಡು, ಕಾವಿಗೆ ಗುಂಪುಗೂಡಿದ ಪ್ಲಾಟಿನಮ್ಮನ್ನು ಕ್ಲೋರಿನ್ನಿನಿಂದ ಮತ್ತೆ ಚದುರಿಸಿಕೊಂಡು ಮರಳುತ್ತವೆ. ಇನ್ನೊಂದು, ಎರಡನೇ ಮಹಾಯುದ್ಧದ ಕಾಲದ ಹೌಡ್ರಿ ವಿಧಾನದಿಂದ ಬೆಳೆದ ಕ್ಯಾಟೋಫಿನ್. ಇದರಲ್ಲಿ ಕ್ರೋಮಿಯಂ ಆಕ್ಸೈಡಿನ ಹಾಸು ಅಲುಗುವುದಿಲ್ಲ. ಕೆಲವೇ ನಿಮಿಷ ಪ್ರೊಪೇನ್ ಹಾಯಿಸಿ, ಆಮೇಲೆ ಬಿಸಿಗಾಳಿ ಊದಿ ಕರಿಯನ್ನು ಸುಡುತ್ತಾರೆ. ಮೋಲ್ ಒಂದಕ್ಕೆ ಸುಮಾರು 124 ಕಿಲೋಜೂಲ್ ಶಾಖ ಬೇಡುವ ಕ್ರಿಯೆಗೆ ಕರಿ ಉರಿದ ಕಾವೇ ಒಂದು ಪಾಲು ಒದಗಿಸುತ್ತದೆ. ಕಸದಿಂದ ರಸ ಅಂದರೆ ಇದೇ. ಕ್ರೋಮಿಯಮ್ಮಿನ ಒಂದು ರೂಪ ವಿಷಕಾರಿ ಎಂಬುದು ಮಾತ್ರ ಇದರ ಕೊರತೆ.

ಆಮ್ಲಜನಕ ಬೆರೆಸಿದರೆ ಕ್ರಿಯೆ ತಾನೇ ಶಾಖ ಕೊಡುವಾಗ ಇಷ್ಟೆಲ್ಲ ಪಡಿಪಾಟಲು ಏಕೆ ಎಂದು ಕೇಳಬಹುದು. ಪ್ರೊಪೇನಿಗಿಂತ ಬೇಗ ಉರಿಯುವುದು ಪ್ರೊಪಿಲೀನೇ. ಬೇಕಾದ ಮಾಲೇ ಹೊಗೆಯಾಗಿ ಹೋಗುತ್ತದೆ. ಬೋರಾನ್ ನೈಟ್ರೈಡ್ ಈ ನಷ್ಟವನ್ನು ಬಹಳ ತಗ್ಗಿಸುತ್ತದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿತು. ಅಲ್ಲೂ ಸಮಸ್ಯೆ ತಡೆಯುವುದೇ. ನಾಫ್ತಾ ಒಡೆಯುವ ಘಟಕಗಳಲ್ಲಿ ಪ್ರೊಪಿಲೀನ್ ಹೇಗೂ ಸಿಗುತ್ತದಲ್ಲ ಎಂಬ ತಕರಾರೂ ಇದೆ. ಆದರೆ ಅಮೆರಿಕದಲ್ಲಿ ಶೇಲ್ ಅನಿಲ ಬಂದಮೇಲೆ ಆ ಘಟಕಗಳು ಈಥೇನಿಗೆ ತಿರುಗಿದವು. ಈಥೇನಿನಿಂದ ಪ್ರೊಪಿಲೀನ್ ಹುಟ್ಟುವುದು ತೀರಾ ಕಡಿಮೆ. ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಭಾರವಾದ ತೈಲಭಾಗಗಳನ್ನು ಒಡೆದೇ ಪ್ರೊಪಿಲೀನ್ ಪಡೆಯುತ್ತದೆ. ಪಿಡಿಎಚ್ ದಾರಿ ಹಿಡಿದವರಲ್ಲಿ ಒಂದು, ಮಹಾರಾಷ್ಟ್ರದ ಉಸರ್‌ನಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸಾಮರ್ಥ್ಯದ ಯೋಜನೆ ಕೈಗೊಂಡ ಅನಿಲ ಕಂಪನಿ ಗೇಲ್. ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶ ಪ್ರೊಪೇನನ್ನು ಚೀಲಕ್ಕೆ ಹಾಕಬೇಕೆ ಎಂಬ ಆಕ್ಷೇಪವನ್ನು ಮಾತ್ರ ರಸಾಯನಶಾಸ್ತ್ರ ಪರಿಹರಿಸಲಾರದು. ಅದು ದರದ ಲೆಕ್ಕ. ಸಾಲುಸಾಲು ಘಟಕ ಕಟ್ಟಿದ ಚೀನಾದಲ್ಲಿ ಪ್ರೊಪೇನ್ ತುಟ್ಟಿಯಾಗಿ ಪ್ರೊಪಿಲೀನ್ ಅಗ್ಗವಾದಾಗ, ಒಳ್ಳೆಯ ವೇಗವರ್ಧಕವಿದ್ದೂ ಉತ್ಪಾದನೆ ತಗ್ಗಿಸಬೇಕಾಯಿತು.