ಮೋಗ್ಲಿಂಗರ ಸಹಯಾತ್ರಿ



1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರನ್ನು ಬಲ್ಲವರು ಬಹಳ, ಅವರೊಡನೆ ಕಡಲು ದಾಟಿದ ಆನಂದರಾವ್ ಕೌಂಡಿನ್ಯರನ್ನು ಬಲ್ಲವರು ವಿರಳ. ಮಂಗಳೂರಿನ ಬ್ರಾಹ್ಮಣ ಕುಲದ ಈ ತರುಣರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಗುರುವಿನ ‘ಹೆರ್ಮನ್’ ಎಂಬ ಹೆಸರನ್ನೇ ಧರಿಸಿದರು. ಅಂದು ಮತಾಂತರವೆಂದರೆ ಜಾತಿಯೊಡನೆ ಮನೆಯ ಪಂಕ್ತಿಯೂ ತಪ್ಪಿದಂತೆಯೇ. 1846ರಲ್ಲಿ ಮೋಗ್ಲಿಂಗರು ಯೂರೋಪಿಗೆ ಮರಳಿದಾಗ ಕೌಂಡಿನ್ಯರೂ ಜೊತೆಗೂಡಿ, ಬಾಸೆಲ್ ನಗರದಲ್ಲಿ ವ್ಯಾಸಂಗಮಾಡಿ, 1851ರಲ್ಲಿ ಪಾದ್ರಿದೀಕ್ಷೆ ಪಡೆದರು. ಶಿಷ್ಯರಾಗಿ ಹೋದವರು ಸಹೋದ್ಯೋಗಿಗಳಾಗಿ ಹಿಂದಿರುಗಿದರು. ಮುಂದೆ ಮೋಗ್ಲಿಂಗರು ಕೊಡಗಿನಲ್ಲಿ, ಅಸ್ಪೃಶ್ಯರೆನಿಸಿ ಭೂಮಿಯಿಲ್ಲದೆ ದುಡಿಯುತ್ತಿದ್ದ ಜನರಲ್ಲಿ ಕ್ರೈಸ್ತರಾದವರಿಗಾಗಿ ಒಂದು ನೆಲೆಯನ್ನು ಕಟ್ಟಿದಾಗ, ಕೌಂಡಿನ್ಯರು ತಮ್ಮ ಹಣವನ್ನಿತ್ತರು. ಪಂಕ್ತಿಯನ್ನು ಕಳೆದುಕೊಂಡವರು, ಎಂದೂ ಪಂಕ್ತಿಯನ್ನೇ ಕಾಣದವರಿಗೆ ನೆಲವನ್ನೊದಗಿಸಿದರು. ಆ ಗ್ರಾಮವೇ ಆನಂದಪುರ. ಗುರುವಿನ ಹೆಸರು ಗ್ರಂಥಗಳಲ್ಲಿ ಉಳಿಯಿತು, ಶಿಷ್ಯರದು ಊರಿನಲ್ಲಿ.