ಗುಲಾಮಗಿರಿ ಹೋದರೆ ಸಾಲದು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಗೂ ಅಮೇರಿಕೆಯ ಒಳಯುದ್ಧಕ್ಕೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು, ಅದು ಹತ್ತಿಯ ಸಂಬಂಧ. 1840ರ ದಶಕದಲ್ಲಿಯೇ ಕಂಪನಿ ಸರಕಾರವು ನ್ಯೂ ಆರ್ಲಿಯನ್ಸದ ಹತ್ತಿಯ ಬೀಜವನ್ನು ಧಾರವಾಡ ಜಿಲ್ಹೆಯ ಎರೆಹೊಲಗಳಲ್ಲಿ ಬಿತ್ತಿಸಿತ್ತು. ಶಿಗ್ಗಾವಿಯು ಬಂಕಾಪುರ ತಾಲೂಕೆಂದೂ ಹಿರೇಕೆರೂರು ಕೋಡ ತಾಲೂಕೆಂದೂ ಕರೆಯಿಸಿಕೊಳ್ಳುತ್ತಿದ್ದ, ಸವಣೂರಿನಲ್ಲಿ ನವಾಬರ ಆಳಿಕೆಯಿದ್ದ ಕಾಲವದು. 1861ರಲ್ಲಿ ಅಮೇರಿಕೆಯ ಉತ್ತರ ದಕ್ಷಿಣ ಸಂಸ್ಥಾನಗಳಲ್ಲಿ ಕಾಳಗ ಹತ್ತಿ ದಕ್ಷಿಣದ ಬಂದರಗಳಿಗೆ ಮುತ್ತಿಗೆ ಬೀಳಲು, ಲ್ಯಾಂಕಾಶಾಯರದ ಗಿರಣಿಗಳು ಅರಳೆಯಿಲ್ಲದೆ ನಿಂತವು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. 1865ರಲ್ಲಿ ಯುದ್ಧ ತೀರಿತು, ಬೆಲೆಯೂ ಇಳಿಯಿತು.

ನಮ್ಮ ಒಕ್ಕಲಿಗನಿಗೆ ಆ ಯುದ್ಧದಿಂದ ನಾಲ್ಕು ವರ್ಷದ ಲಾಭವಾಯಿತು. ಆದರೆ ಆ ದೂರದ ಹೊಲಗಳಲ್ಲಿ ಹತ್ತಿಯನ್ನು ಬೆಳೆದವರ ಗತಿ ಮುಂದೆ ಏನಾಯಿತೆಂಬದನ್ನು ನಾವು ವಿಚಾರಿಸಿದ್ದು ಕಡಿಮೆ. ವಿಚಾರಿಸಬೇಕಾದ ಕಾರಣವು ದೂರದಲ್ಲಿಲ್ಲ, ನಮ್ಮ ಊರ ಸೀಮೆಯಲ್ಲಿಯೇ ಇದೆ.

ಆ ಯುದ್ಧದಿಂದ ಸುಮಾರು 40 ಲಕ್ಷ ಗುಲಾಮರು ಬಿಡುಗಡೆ ಹೊಂದಿದರು. ದಾಸ್ಯವು ನಿಷಿದ್ಧವೆಂದು 1865ರಲ್ಲಿಯೂ, ಬಿಡುಗಡೆ ಹೊಂದಿದವರು ಸಮಾನ ನಾಗರಿಕರೆಂದು 1868ರಲ್ಲಿಯೂ, ಮತದಾನಕ್ಕೆ ಬಣ್ಣವು ಅಡ್ಡಿಯಲ್ಲವೆಂದು 1870ರಲ್ಲಿಯೂ ರಾಜ್ಯಘಟನೆಗೆ ತಿದ್ದುಪಡಿಗಳಾದವು. ಶಾಲೆಗಳು ತೆರೆದವು, ಗುಲಾಮರ ಕುಲದವರು ಶಾಸನಸಭೆಗಳಲ್ಲಿ ಕುಳಿತರು. ಈ ಕಾರ್ಯವು ನಮ್ಮ ಮುಂಬಯಿ ಇಲಾಖೆಯವರನ್ನೂ ಮುಟ್ಟಿತು. ಪುಣೆಯ ಜ್ಯೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಗ್ರಂಥವನ್ನು ಅಮೇರಿಕೆಯ ಸಜ್ಜನರಿಗೆ ಅರ್ಪಿಸಿದರು.

ಆದರೆ ಒಂದು ಕೆಲಸ ಉಳಿಯಿತು. 1865ರ ಜನವರಿಯಲ್ಲಿ ಸೇನಾಪತಿ ಶೆರ್ಮನ್ನನು ಕಡಲದಂಡೆಯ ಭೂಮಿಯನ್ನು ಬಿಡುಗಡೆ ಹೊಂದಿದ ಕುಟುಂಬಗಳಿಗೆ 40 ಎಕರೆಯ ಮಿತಿಯಲ್ಲಿ ಹಂಚಲು ಅಪ್ಪಣೆ ಮಾಡಿದ್ದನು. ಲಿಂಕನ್ನನ ಕೊಲೆಯಾದ ಮೇಲೆ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ನನು ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿ ಕೊಡಿಸಿದನು. ನೆಲವಿಲ್ಲದ ಸ್ವತಂತ್ರನು ಮಾಡುವದೇನು? ಹಳೆಯ ಒಡೆಯನ ಹೊಲವನ್ನೇ, ನಮ್ಮಲ್ಲಿ ಕೋರು ಎನ್ನುವಂಥ ಪದ್ಧತಿಯಿಂದ, ಮಾಡತೊಡಗಿದನು. ಬೀಜಕ್ಕೆ ಸಾಲ, ಹೊಟ್ಟೆಗೆ ಸಾಲ; ಸುಗ್ಗಿಯಲ್ಲಿ ಲೆಕ್ಕ ಬರೆಯುವವನು ಸಾಹುಕಾರ. 1877ರಲ್ಲಿ ಕೇಂದ್ರ ಸರಕಾರವು ದಕ್ಷಿಣದಿಂದ ತನ್ನ ದಂಡಿನ ರಕ್ಷಣೆಯನ್ನೂ ಹಿಂತೆಗೆಯಿತು. ಹನ್ನೆರಡು ವರ್ಷಕ್ಕೇ ಬೇಸರಗೊಂಡ ಆ ರಾಷ್ಟ್ರವು, ಕಾಗದದ ಮೇಲಿದ್ದ ಮತವನ್ನು ಕೈಗೆ ಮುಟ್ಟಿಸುವ ಕಾನೂನನ್ನು ಮಾಡಲು 1965ರ ವರೆಗೆ ಕಾಯಬೇಕಾಯಿತು.

ಈಗ ಹಾನಗಲ್ಲ ಶಿಗ್ಗಾವಿಗಳ ಪಡುವಣ ಎಲ್ಲೆಯನ್ನು ದಾಟಿ ನೋಡೋಣ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ವಾಸಿಸುವ ಸಿದ್ದಿಗಳು ಬಹುತರವಾಗಿ ಪೋರ್ತುಗೀಜರು ಗೋವೆಗೆ ತಂದ ಆಫ್ರಿಕೆಯ ಗುಲಾಮರ ಸಂತತಿಯವರು. ಇವರ ಹಿರಿಯರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಸಹ್ಯಾದ್ರಿಯನ್ನು ಸೇರಿದವರು. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತಗಳಲ್ಲಿದ್ದರೂ ತಾವೆಲ್ಲ ಸಿದ್ದಿಗಳೆಂಬ ಭಾವನೆಯನ್ನು ಅವರು ಬಿಟ್ಟಿಲ್ಲ. ಬ್ರಿಟಿಶರ ಸೀಮೆಯಲ್ಲಿ 1843ರ ಐದನೆಯ ಕಾನೂನು ಗುಲಾಮಗಿರಿಯನ್ನು ಕೋರ್ಟುಗಳು ಮನ್ನಿಸಬಾರದೆಂದು ವಿಧಿಸಿತು. ಆದರೆ ಭೂಮಿಯ ಹಕ್ಕಿಲ್ಲದ ಸಿದ್ದಿಯು ಎಷ್ಟೋ ಕಡೆ ಅನ್ಯರ ತೋಟ ಗದ್ದೆಗಳಲ್ಲಿ ಸಾಲಕ್ಕೆ ದುಡಿಯುವ ಆಳಾದನು. ಅಮೇರಿಕೆಯಲ್ಲಿ ಆದದ್ದೇ ಇಲ್ಲಿಯೂ ಆಯಿತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಪರಿಗಣಿಸಿದ್ದು 2003ರಲ್ಲಿ; ಧಾರವಾಡ ಬೆಳಗಾವಿಗಳಿಗೆ ಅದು ವಿಸ್ತರಿಸಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣ ಹೊಂದಿದರು. 1843ರಿಂದ ಲೆಕ್ಕ ಹಾಕಿದರೆ ಈ ದಾರಿಗೆ 177 ವರ್ಷ ಹಿಡಿಯಿತು.

ಇದು ಕಾಡಿನವರ ಕಥೆಯೆಂದು ಬಯಲಿನವರು ಸುಮ್ಮನಿರಬಾರದು. ಜೀತವೆಂಬ ಮಾತು ನಮ್ಮ ಊರುಗಳಿಗೆ ಹೊಸದಲ್ಲ. ತಂದೆ ತೆಗೆದ ಸಾಲಕ್ಕೆ ಮಗನು ದುಡಿಯುವದು ಗುಲಾಮಗಿರಿಯಲ್ಲವೆಂದು ವಾದಿಸುವದು ಶಬ್ದಗಳ ಆಟವಷ್ಟೆ. 1976ರ ಕಾನೂನು ಜೀತವನ್ನು ರದ್ದುಗೊಳಿಸಿ ಅಂಥ ಸಾಲವನ್ನೂ ಅಳಿಸಿತು. ಅದಕ್ಕೆ ಮುಂಚೆ, 1974ರ ಮಾರ್ಚ 1ರಿಂದ, ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದು ಲಾವಣಿದಾರನು ಹೊಲದ ಒಡೆಯನಾದನು. ಅದು ಮಹತ್ಕಾರ್ಯವೆಂಬದರಲ್ಲಿ ಸಂದೇಹವಿಲ್ಲ. ಆದರೆ ಏಳನೆಯ ನಮೂನೆಯ ಅರ್ಜಿಯನ್ನು ಗೇಣಿ ಮಾಡುತ್ತಿದ್ದವನು ತುಂಬಬಹುದಿತ್ತೇ ಹೊರತು, ಕೇವಲ ಕೂಲಿಯವನೂ ಜೀತದವನೂ ತುಂಬುವಂತಿರಲಿಲ್ಲ. ಊರ ಹೊರಗಿನ ಕೇರಿಯವರಲ್ಲಿ ಹೆಚ್ಚಿನವರು ಕೂಲಿಯವರೇ. ಹೀಗಾಗಿ ಹೊಲದಲ್ಲಿ ಅತಿ ಹೆಚ್ಚು ದುಡಿದವನಿಗೆ ಆ ಕಾನೂನಿನ ಫಲ ಅತಿ ಕಡಿಮೆ ದೊರೆಯಿತು.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರುಂಟು: ‘ನಮ್ಮದು ಸಂತರ ನಾಡು, ಕನಕದಾಸರ ಬಾಡವೂ ಶರೀಫ ಸಾಹೇಬರ ಶಿಶುನಾಳವೂ ಶಿಗ್ಗಾವಿ ತಾಲೂಕಿನಲ್ಲಿಯೇ ಇವೆ, ಇಲ್ಲಿ ಭೇದವೆಲ್ಲಿ?’ ಸಂತರ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಬ್ರಾಹ್ಮಣ ಗುರುವೂ ಮುಸಲ್ಮಾನ ಶಿಷ್ಯನೂ ಒಂದಾದ ನೆಲ ಇದು. ಆದರೆ ಶರೀಫರ ಪದಗಳನ್ನು ಒಂದೇ ಜಗಲಿಯ ಮೇಲೆ ಕುಳಿತು ಹಾಡಿದವರು ಬೆಳಗಾದ ಮೇಲೆ ಒಬ್ಬನು ಒಡೆಯನಾಗಿಯೂ ಇನ್ನೊಬ್ಬನು ಸಾಲದ ಆಳಾಗಿಯೂ ಹೊಲಕ್ಕೆ ಹೋಗುವದಾದರೆ, ಆ ಐಕ್ಯವು ರಾತ್ರಿಯ ಮಟ್ಟಿಗಷ್ಟೇ. ಸಂತರು ಮನಸ್ಸುಗಳನ್ನು ಕೂಡಿಸಿದರು. ಉಳಿದದ್ದನ್ನು ಮಾಡುವ ಹೊಣೆ ನಮ್ಮದು.

ಮಾಡಬೇಕಾದದ್ದು ಅಸ್ಪಷ್ಟವಾಗಿಲ್ಲ. ಮುಂಗಡ ಕೊಟ್ಟು ಮನುಷ್ಯನನ್ನು ಕಟ್ಟಿಹಾಕುವದು ಯಾವ ಹೆಸರಿನಿಂದ ನಡೆದರೂ ಜೀತವೇ. ಅದನ್ನು ಹುಡುಕುವ ಜಾಗೃತಿ ಸಮಿತಿಗಳನ್ನು ಜಿಲ್ಹೆಗೂ ಉಪವಿಭಾಗಕ್ಕೂ ಕಾನೂನೇ ವಿಧಿಸಿದೆ. ಅವು ಕಾಗದದ ಮೇಲೆ ಕೂಡದೆ ಊರಿಗೆ ಹೋಗಿ ಕೂಡಲಿ. ಪರಿಶಿಷ್ಟರಿಗೆ ಸರಕಾರ ಕೊಟ್ಟ ಭೂಮಿಯನ್ನು ಪರಭಾರೆ ಮಾಡುವದನ್ನು 1978ರ ಕಾನೂನು ತಡೆದಿದೆ. ಕೈತಪ್ಪಿದ ಭೂಮಿಯನ್ನು ಮರಳಿ ಕೇಳುವದಕ್ಕೆ ಕಾಲಮಿತಿಯ ಅಡ್ಡಿಯು 2023ರ ತಿದ್ದುಪಡಿಯಿಂದ ದೂರಾಗಿದೆ. ಇಂಥ ಅರ್ಜಿಯು ಉಪವಿಭಾಗಾಧಿಕಾರಿಯ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿದರೆ, ಆ ವಿಳಂಬವೇ ಹಳೆಯ ಒಡೆಯನ ಪಕ್ಷ ವಹಿಸಿದಂತೆ. ನಮ್ಮ ವಾಚಕರಲ್ಲಿ ಅಧಿಕಾರಿಗಳೂ ವಕೀಲರೂ ಇರುವದರಿಂದ ಈ ಮಾತನ್ನು ಒತ್ತಿ ಹೇಳುತ್ತೇವೆ. ಓದು ಬರಹ ಬಲ್ಲವರು ಕೂಲಿಯವನಿಗೆ ಒಂದು ಅರ್ಜಿ ಬರೆದುಕೊಟ್ಟರೂ ದೇಶಸೇವೆಯೇ.

ಸವಣೂರಿನ ಕಲ್ಮಠದ ಆವರಣದಲ್ಲಿ ದೊಡ್ಡ ಹುಣಸೆ ಎಂದು ಜನ ಕರೆಯುವ ಮೂರು ಮಹಾವೃಕ್ಷಗಳು ಹೆಸರಾದವು. ಅವು ಹುಣಸೆಯಲ್ಲ; ಅವುಗಳ ಕುಲದ ಮೂಲ ಆಫ್ರಿಕೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿಬಿದ್ದಾಗ ಯಂತ್ರಗಳನ್ನು ತಂದು, ಗುಂಡಿ ತೋಡಿ, ಅದನ್ನು ಎತ್ತಿ ನೆಟ್ಟರು. ಬಿದ್ದ ಮರಕ್ಕೆ ಏಳೆಂದು ಆಜ್ಞೆಯನ್ನಷ್ಟೇ ಹೊರಡಿಸಿ ಯಾರೂ ಸುಮ್ಮನಾಗಲಿಲ್ಲ; ಬೇರಿಗೆ ಮಣ್ಣು ಬೇಕೆಂಬದು ಎಲ್ಲರಿಗೂ ಗೊತ್ತಿತ್ತು. ಮರಕ್ಕೆ ತೋರಿಸಿದ ಈ ವಿವೇಕವನ್ನು ಮನುಷ್ಯನಿಗೂ ತೋರಿಸಿದರೆ ಸಾಕು.